ನಮ್ಮವರು ಎತ್ತ ನೋಡುತ್ತಿದ್ದಾರೆ

ಚಿತ್ರದಲ್ಲಿರುವ ಹೆಂಗಸು ನಾನೇ, ಅದರಲ್ಲಿ ಎರಡು ಮಾತಿಲ್ಲ. ಗಲ್ಲದ ಕೆಳಗಿನ ಜೋಲು ಚರ್ಮ, ಕತ್ತಿನಲ್ಲಿ ನೇತಾಡುವ ಅಳತೆಯ ಟೇಪು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ತೋರುಬೆರಳು, ಏನೋ ಹೇಳಲು ಹೊರಟು ಅರ್ಧ ತೆರೆದ ಬಾಯಿ, ಎಲ್ಲ ನನ್ನದೇ. ಚಿತ್ರ ಬರೆದ ಹುಡುಗಿ ಒಂಚೂರು ಕಡಿಮೆ ಮಾಡಿ ಬರೆದಿದ್ದರೆ ಅವಳಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಇರಲಿ. ನನಗೆ ಅನುಮಾನ ಬಂದಿದ್ದು ಪಕ್ಕದಲ್ಲಿ ಕೂತ ಗಂಡಸಿನ ಮೇಲೆ. ಅಂಗಿ ನಮ್ಮವರದು, ಉಗುರಿನ ಸಂದಿಯಲ್ಲಿ ಉಳಿದ ಗ್ರೀಸು ನಮ್ಮವರದು, ಬೋಳುತಲೆಯ ಮೇಲಿನ ಮಚ್ಚೆಯೂ ನಮ್ಮವರದೇ. ಆದರೆ ಆ ನೋಟ ಮಾತ್ರ ನಮ್ಮ ಮನೆಯದಲ್ಲ.

ನಾನು ಕಿಟಕಿಯ ಬೆಳಕಿಗೆ ಮುಖಕೊಟ್ಟು ಕೂತಿದ್ದೇನೆ. ಅವರು ಕುರ್ಚಿಯಲ್ಲಿ ಅರ್ಧ ತಿರುಗಿ, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, ನನ್ನ ಕಡೆಗೆ ಬಾಗಿ ನೋಡುತ್ತಿದ್ದಾರೆ. ನೋಡುವುದೆಂದರೆ ಸುಮ್ಮನೆ ನೋಡುವುದಲ್ಲ. ರೆಪ್ಪೆ ಬಡಿದರೆ ಏನೋ ಕೈತಪ್ಪಿಹೋಗುತ್ತದೆ ಅನ್ನುವ ಹಾಗೆ ನೋಡುತ್ತಿದ್ದಾರೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮನುಷ್ಯ ನನ್ನನ್ನು ಹಾಗೆ ನೋಡಿದ್ದನ್ನು ನಾನು ಕಂಡಿಲ್ಲ. ಪ್ರದರ್ಶನದ ಮೊದಲ ದಿನ, ಜನರ ನಡುವೆ ನುಗ್ಗಿ ಚಿತ್ರದೆದುರು ನಿಂತವಳಿಗೆ ನಾಚಿಕೆಯಾಗಲಿಲ್ಲ, ಸಂತೋಷವೂ ಆಗಲಿಲ್ಲ. ಮೈಯೆಲ್ಲ ಉರಿಯಿತು. ಪಕ್ಕದಲ್ಲಿದ್ದ ಅಸಲಿ ಮನುಷ್ಯನ ಕಡೆ ತಿರುಗಿದೆ. ಅವರು ಚಿತ್ರವನ್ನು ಒಂದು ಸಲ ನೋಡಿ, “ಚೆನ್ನಾಗಿದೆ” ಅಂದವರೇ ಗದ್ದಲ ತಡೆಯಲಾರದವರ ಹಾಗೆ ಬಾಗಿಲ ಬಳಿಯ ಫ್ಯಾನಿನ ಕೆಳಗೆ ಹೋಗಿ ನಿಂತುಬಿಟ್ಟರು.

ಉರಿಯಲು ಕಾರಣವಿತ್ತು. ಆ ಹೊತ್ತಿಗೆ ನಾನು ಮನೆ ಬಿಟ್ಟು ಹೋಗುವುದೆಂದು ಮುಕ್ಕಾಲು ಪಾಲು ತೀರ್ಮಾನ ಮಾಡಿಕೊಂಡಿದ್ದೆ.

ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು. ಜಗಳಕ್ಕೂ ಇಬ್ಬರು ಬೇಕಲ್ಲ! ಕೆಲವು ವರ್ಷಗಳಿಂದ ನಮ್ಮವರು ನನ್ನ ಮಾತಿಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದರು. ಅಡುಗೆಮನೆಯಿಂದ ಕೂಗಿದರೆ ಇಲ್ಲ, ಹಿಂದಿನಿಂದ ಕರೆದರೆ ಇಲ್ಲ, ದಾರಿಯಲ್ಲಿ ಪಕ್ಕದಲ್ಲೇ ನಡೆಯುತ್ತ ಏನಾದರೂ ಹೇಳಿದರೆ ಬರೀ ಒಂದು “ಹೂಂ”. ಆ ಹೂಂ ಕೂಡ ಹೊಂದುವ ಕಡೆ ಬರುತ್ತಿರಲಿಲ್ಲ. ‘ಪಕ್ಕದ ಮನೆಯವರು ಹೋಗಿಬಿಟ್ಟರಂತೆ’ ಅಂದರೂ ಹೂಂ, ‘ಇವತ್ತು ನಲ್ಲಿಯಲ್ಲಿ ನೀರಿಲ್ಲ’ ಅಂದರೂ ಹೂಂ. ಗೋಡೆಯ ಹತ್ತಿರ ಮಾತಾಡಿದರೆ ಪ್ರತಿಧ್ವನಿಯಾದರೂ ಬರುತ್ತದೆ. ಬರಬರುತ್ತಾ ನನಗೆ ಒಂದೇ ಅರ್ಥ ಹೊಳೆಯತೊಡಗಿತು: ಈ ಮನುಷ್ಯನಿಗೆ ನಾನು ಸಾಕಾಗಿದ್ದೇನೆ.

ಹೊಟ್ಟೆ ಇನ್ನೂ ಉರಿಯುವ ಸಂಗತಿಯೆಂದರೆ ಅವರ ಕೆಲಸ. ಬಸ್ ಡಿಪೋದಲ್ಲಿ ಹೆಡ್ ಮೆಕ್ಯಾನಿಕ್. ಬಸ್ಸು ಗೇಟು ದಾಟಿ ಒಳಗೆ ಬರುವಷ್ಟರಲ್ಲಿ, ಬರೀ ಶಬ್ದ ಕೇಳಿ, ಇಂಥಲ್ಲಿ ತೊಂದರೆ ಎಂದು ಹೇಳುವವರು ಅಂತ ಹೆಸರು. ಅಲ್ಲಿ ಅವರನ್ನು ಎಲ್ಲರೂ ಕರೆಯುವುದೇ ‘ಕಿವಿ ಮೇಸ್ತ್ರಿ’ ಅಂತ. ಇಂಜಿನ್ನು ಸಣ್ಣಗೆ ಕೆಮ್ಮಿದರೂ ಗೊತ್ತಾಗುತ್ತದೆ, ಹೆಂಡತಿ ಗಂಟಲು ಹರಿದುಕೊಂಡರೂ ಗೊತ್ತಾಗುವುದಿಲ್ಲ. ಇದಕ್ಕೆ ಏನೆನ್ನಬೇಕು?

ಬೇರೆ ಊರಿನಲ್ಲಿರುವ ನನ್ನ ಅಕ್ಕ ಒಂಟಿಯಾಗಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ಇತ್ತೀಚೆಗೆ ಅದನ್ನು ದೊಡ್ಡ ಜಾಗಕ್ಕೆ ಬದಲಾಯಿಸಿದ್ದಳು. “ನೀನು ನಿನ್ನ ಮಷಿನ್ನು ಎತ್ಕೊಂಡು ಬಂದುಬಿಡು. ಮಾತಿಗೆ ಮಾತು ಸಿಗುತ್ತೆ, ಅಷ್ಟು ಸಾಕಲ್ಲ ನಿಂಗೆ?” ಅಂದಿದ್ದಳು. ಅಷ್ಟು ಸಾಕಾಗಿತ್ತು ನನಗೆ. ಚಿತ್ರದ ಪ್ರದರ್ಶನ ಮುಗಿಯುವ ಹೊತ್ತಿಗೆ ಏನೆಂದು ಹೇಳುತ್ತೇನೆ ಅಂದಿದ್ದೆ. ಇಂಥ ಹೊತ್ತಿನಲ್ಲಿ ಆ ಚಿತ್ರ ಬಂದು ಎದುರಿಗೆ ನಿಂತರೆ ಮನುಷ್ಯರಿಗೆ ತಲೆ ಕೆಡುವುದಿಲ್ಲವೇ?

ಚಿತ್ರ ಬರೆದವಳು ಮೂವತ್ತರ ಆಸುಪಾಸಿನ ಹುಡುಗಿ. ಕಳೆದ ಚಳಿಗಾಲದಲ್ಲಿ ನನ್ನ ಅಂಗಡಿಗೆ ಒಂದು ಹೊರೆ ಕ್ಯಾನ್ವಾಸ್ ಬಟ್ಟೆ ತಂದು, ಎರಡು ಅಗಲವನ್ನು ಜೋಡಿಸಿ ಹೊಲಿದುಕೊಡಬೇಕು, ಆದರೆ ಹೊಲಿಗೆ ಮೇಲೆ ಉಬ್ಬಿ ಕಾಣಬಾರದು ಅಂದಳು. ನಾನು ಅಂಚನ್ನು ತೆಳ್ಳಗೆ ಮಡಚಿ, ಹೊಲಿದು, ಒದ್ದೆ ಬಟ್ಟೆ ಹಾಕಿ ಇಸ್ತ್ರಿ ತಿಕ್ಕಿ ಕೊಟ್ಟೆ. ಅಷ್ಟು ಹೊತ್ತೂ ಅವಳು ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ನಮ್ಮವರು ಬೀಗದಕೈ ಕೇಳಲು ಬಂದರು. ಅವಳು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಭಾನುವಾರ ಬೆಳಿಗ್ಗೆ ಬಿಡುವಿರುತ್ತದೆಯೇ ಅಂದಳು. ಫೋಟೋ ಇಟ್ಟುಕೊಂಡು ಬರೆಯುವುದಿಲ್ಲವಂತೆ. ಎದುರಿಗೆ ಕೂತವರನ್ನು ನೋಡಿಯೇ ಬರೆಯಬೇಕಂತೆ, ಮುಗಿಯುವವರೆಗೆ ಯಾರಿಗೂ ತೋರಿಸುವುದಿಲ್ಲವಂತೆ. ನಾನು ಒಪ್ಪಿದ್ದು ಕುತೂಹಲಕ್ಕೆ. ನಮ್ಮವರು ಮೊದಲ ಭಾನುವಾರ ಮುಖ ಗಂಟಿಕ್ಕಿಕೊಂಡೇ ಬಂದರು. ಎರಡನೆಯ ಭಾನುವಾರದಿಂದ ಏನಾಯಿತೋ, ನನಗಿಂತ ಮೊದಲೇ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದರು. ಒಂದು ವಾರವೂ ತಪ್ಪಿಸಲಿಲ್ಲ. ಈ ವಯಸ್ಸಿಗೆ ಚಿತ್ರದ ಹುಚ್ಚು ಹತ್ತಿತಲ್ಲ ಎಂದು ನಾನು ಮೂಗು ಮುರಿದೆ.

ಅವಳ ಮನೆಯಲ್ಲಿ ಹಾಗೆ ಕೂತಾಗ ನನ್ನ ಬಾಯಿಗೆ ಬಿಡುವಿರುತ್ತಿರಲಿಲ್ಲ. ಹುಡುಗಿ ಒಳ್ಳೆಯವಳು, ಕುಂಚ ಆಡಿಸುತ್ತಲೇ ‘ಆಮೇಲೆ ಆಂಟಿ?’ ಅನ್ನುವಳು. ಆಮೇಲೆ ಅಂತ ಕೇಳುವವರು ಸಿಕ್ಕಿದರೆ ನಾನು ಬಿಡುತ್ತೇನೆಯೇ? ಅಂಗಡಿಯ ಸುದ್ದಿ, ಅಳತೆ ಕೊಟ್ಟು ಊಟ ಬಿಟ್ಟು ಸಣ್ಣಗಾಗಿ ಬಂದು ನನ್ನ ಮೇಲೆ ಕೂಗಾಡಿದ ಮದುಮಗಳ ಸುದ್ದಿ, ನನ್ನ ತಾಯಿಯ ಸುದ್ದಿ, ಎಲ್ಲ ಬಿಚ್ಚುತ್ತಿದ್ದೆ. ಕತ್ತು ತಿರುಗಿಸಬಾರದೆಂದು ಅಪ್ಪಣೆಯಾಗಿದ್ದರಿಂದ ಪಕ್ಕದಲ್ಲಿ ಕೂತ ನಮ್ಮವರು ಏನು ಮಾಡುತ್ತಿದ್ದಾರೆಂದು ಕಾಣುತ್ತಿರಲಿಲ್ಲ. ತೂಕಡಿಸುತ್ತಿರಬೇಕು ಎಂದುಕೊಂಡಿದ್ದೆ.

ಮೊದಲ ದಿನದ ಸಿಟ್ಟು ಇಳಿದ ಮೇಲೆ ಕುತೂಹಲ ಹತ್ತಿಕೊಂಡಿತು. ಪ್ರದರ್ಶನ ನಡೆಯುತ್ತಿದ್ದದ್ದು ಗ್ರಂಥಾಲಯದ ಮೇಲಿನ ಮಹಡಿಯಲ್ಲಿ, ನನ್ನ ಅಂಗಡಿಯಿಂದ ಕೂಗಳತೆ ದೂರ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬಾಗಿಲು ಎಳೆದುಕೊಂಡು ಅಲ್ಲಿಗೆ ಹೋಗುವುದು, ಚಿತ್ರದೆದುರಿನ ಬೆಂಚಿನಲ್ಲಿ ಕೂತು ಆ ಗಂಡಸನ್ನು ನೋಡುವುದು. ಬಂದವರು ಏನು ಮಾತಾಡುತ್ತಾರೆಂದು ಕಿವಿಗೊಡುವುದು. ತಮಾಷೆಯೆಂದರೆ ಒಬ್ಬರಿಗೂ ನನ್ನ ಗುರುತು ಹತ್ತಲಿಲ್ಲ. ಗೋಡೆಯ ಮೇಲಿನ ನನ್ನನ್ನು ಕಣ್ಣರಳಿಸಿ ನೋಡುತ್ತಾರೆ, ಬೆಂಚಿನ ಮೇಲಿನ ನನಗೆ ‘ಸ್ವಲ್ಪ ಸರೀತೀರಾ’ ಅನ್ನುತ್ತಾರೆ.

ಕುರುಚಲು ಗಡ್ಡದ ದೊಡ್ಡ ಮನುಷ್ಯರೊಬ್ಬರು ಜೊತೆಯವರಿಗೆ ಪಾಠ ಹೇಳುವ ಹಾಗೆ ವಿವರಿಸಿದರು: ಇವನಿಗೆ ಹೆಂಡತಿಯೆಂದರೆ ಭಯ, ಅವಳ ಬಾಯಿಂದ ಯಾವಾಗ ಏನು ಬರುತ್ತದೋ ಎಂದು ಕಾಯುತ್ತಿದ್ದಾನೆ, ಬೆನ್ನು ಬಾಗಿರುವುದನ್ನು ಗಮನಿಸಿ. ಭಯವಂತೆ! ಭಯವಿದ್ದರೆ ಕರೆದ ತಕ್ಷಣ ಓಗೊಡುತ್ತಿರಲಿಲ್ಲವೇ? ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ಹುಡುಗಿ ಗಂಡನ ತೋಳು ಚಿವುಟಿ, ನೀನು ಯಾವತ್ತಾದರೂ ನನ್ನನ್ನು ಹೀಗೆ ನೋಡಿದ್ದೀಯಾ ಎಂದು ಕೇಳಿದಳು. ಅವನು, ಪಾಪ, ಇವರು ಏನೋ ತಪ್ಪು ಮಾಡಿ ಸಿಕ್ಕಿಹಾಕಿಕೊಂಡಿರಬೇಕು ಅಂದು ಇನ್ನೊಂದು ಚಿವುಟು ತಿಂದ. ಪತ್ರಿಕೆಯಲ್ಲಿ ಒಬ್ಬರು ಬರೆದಿದ್ದರು, ಗಂಡಸಿನ ನೋಟದಲ್ಲಿ ಒಡೆತನವಿದೆ ಎಂದು. ತಮ್ಮ ಕನ್ನಡಕ ಎಲ್ಲಿದೆಯೆಂದು ಗೊತ್ತಿಲ್ಲದೆ ಮನೆಯೆಲ್ಲ ತಡಕಾಡುವ ಮನುಷ್ಯನಿಗೆ ಎಲ್ಲಿಯ ಒಡೆತನ? ನಗು ಬಂತು.

ನಗು ಬಾರದ ಮಾತು ಆಡಿದವರು ಊರುಗೋಲು ಹಿಡಿದ ಒಬ್ಬ ಅಜ್ಜಿ. ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ನನಗೆಂದಲ್ಲ, ತಮಗೆ ತಾವೇ ಅಂದುಕೊಳ್ಳುವ ಹಾಗೆ, “ಯಾರನ್ನೋ ಕಳಿಸಿಕೊಡುವಾಗ ಹೀಗೆ ನೋಡ್ತಾರೆ” ಅಂದರು.

ಅಕ್ಕನ ಊರಿನ ವಿಷಯ ನಾನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಗೋಡೆಯ ಮೇಲಿನ ಆ ಗಂಡಸಿಗೆ ಅದು ಹೇಗೆ ಗೊತ್ತಾಗಬೇಕು?

ಮರುದಿನ ಚಿತ್ರ ಬರೆದ ಹುಡುಗಿ ಹಾಲ್‌ನಲ್ಲಿ ಸಿಕ್ಕಳು. ಬಿಡಲಿಲ್ಲ ನಾನು, ತೋಳು ಹಿಡಿದು ಚಿತ್ರದೆದುರು ನಿಲ್ಲಿಸಿದೆ. ನಮ್ಮ ಮನೆಯವರ ಮುಖಕ್ಕೆ ಇಲ್ಲದ ನೋಟವನ್ನು ಯಾಕಮ್ಮ ಅಂಟಿಸಿದೆ, ಚೆಂದ ಕಾಣಲಿ ಅಂತಲೇ ಎಂದು ಕೇಳಿದೆ. ಅವಳಿಗೆ ಸ್ವಲ್ಪ ನೋವಾಯಿತು. ಚೆಂದಕ್ಕೆ ಬರೆಯುವವಳಾಗಿದ್ದರೆ ನಿಮ್ಮ ಕತ್ತನ್ನು ಹಾಗೆ ಬಿಡುತ್ತಿದ್ದೆನೇ ಅಂದಳು.

ಆಮೇಲೆ ಅವಳು ಹೇಳಿದ್ದು ಇದು. ನಮ್ಮವರ ಕಣ್ಣುಗಳನ್ನು ಅವಳು ಹಲವು ಸಲ ಬರೆದು, ಸರಿಬಾರದೆ ಚೂರಿಯಿಂದ ಕೆರೆದು ತೆಗೆದಿದ್ದಳಂತೆ. ಅವರು ನನ್ನ ಕಡೆ ನೋಡುತ್ತಲೇ ಇರುತ್ತಿದ್ದರಂತೆ, ಎಲ್ಲ ಭಾನುವಾರವೂ, ಬಹಳ ಖುಷಿಯಾಗಿ. ಆದರೆ ಅವಳಿಗೆ ಅದು ಕೈಗೆ ಸಿಗಲಿಲ್ಲವಂತೆ. “ಕೊನೆ ಭಾನುವಾರ ನಿಮ್ಮ ಕಾಲರ್ ಸರಿಮಾಡೋಕೆ ಹತ್ರ ಬಂದೆ ನೋಡಿ, ಆಂಟಿ. ನೀವು ನಂಗೇನೋ ಹೇಳ್ತಿದ್ರಿ. ತಲೆ ಎತ್ತಿದರೆ ಅಂಕಲ್ ಮುಖ ಹೀಗಿತ್ತು. ಓಡಿಹೋಗಿ ಬರೆದುಬಿಟ್ಟೆ. ಇದನ್ನ ನಾನು ಕಟ್ಟಿಲ್ಲ.”

ಆ ಭಾನುವಾರ ನಾನು ಏನು ಹೇಳುತ್ತಿದ್ದೆನೆಂದು ನನಗೆ ಚೆನ್ನಾಗಿ ನೆನಪಿತ್ತು. ಅವಳು ಹತ್ತಿರ ಬಂದಾಗ, ನಮ್ಮವರಿಗೆ ಕೇಳದಂತೆ ದನಿಯನ್ನು ಪೂರ್ತಿ ಇಳಿಸಿ, ಪಿಸುಗುಟ್ಟಿದ್ದೆ: ಚಿತ್ರ ಮುಗಿದ ಮೇಲೆ ನಾನು ಅಕ್ಕನ ಊರಿಗೆ ಹೋಗಿಬಿಡಬೇಕು ಅಂತಿದ್ದೀನಮ್ಮ, ಈ ಮನೆಯಲ್ಲಿ ನನ್ನ ಮಾತು ಯಾರಿಗೂ ಬೇಡ. ಬೇರೆ ಯಾರ ಹತ್ತಿರವೂ ಹೇಳಿಕೊಳ್ಳಲಾರದ್ದನ್ನು ಅವಳ ಹತ್ತಿರ ಹೇಳಿಕೊಂಡಿದ್ದೆ. ಅವರಿಗೆ ಕೇಳಿಸಿರಬಹುದೇ? ಮರುಕ್ಷಣವೇ ಸಮಾಧಾನ ಮಾಡಿಕೊಂಡೆ. ಕಿರುಚಿದರೇ ಕೇಳಿಸಿಕೊಳ್ಳದ ಮನುಷ್ಯ, ಪಿಸುಮಾತನ್ನು ಕೇಳಿಸಿಕೊಳ್ಳುತ್ತಾರೆಯೇ? ಆ ಹುಡುಗಿಯ ಕಿವಿಗೇ ಅದು ಅರ್ಧಂಬರ್ಧ ಮುಟ್ಟಿತ್ತು. ಹಾಗಾದರೆ ಆ ಮುಖ ಯಾಕೆ ಹಾಗಾಯಿತು?

“ಒಂದು ವಿಚಿತ್ರ ಇದೆ,” ಅಂದಳು ಹುಡುಗಿ. “ಅವರ ನೋಟ ನಿಮ್ಮ ಕಣ್ಣಿಗೆ ಸೇರೋ ಹಾಗೆ ಮಾಡೋಣ ಅಂತ ಒಂಚೂರು ಮೇಲೆತ್ತಿ ನೋಡಿದೆ. ಬೇರೆ ಯಾರೋ ಆಗಿಬಿಟ್ಟರು. ಮತ್ತೆ ಕೆಳಗೆ ತಂದೆ.”

ಕೆಳಗೆ ಅಂದರೆ ಎಲ್ಲಿಗೆ? ಅಳತೆಯ ವಿಷಯ ಬಂದರೆ ನನಗೆ ಸುಮ್ಮನಿರಲಾಗುವುದಿಲ್ಲ. ಚೀಲದಲ್ಲಿದ್ದ ಉಂಡೆಯಿಂದ ಕಪ್ಪು ದಾರ ಎಳೆದು, ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಚಿತ್ರದಿಂದ ಒಂದು ಮಾರು ದೂರ ನಿಂತು, ಅವರ ಕಣ್ಣಿನ ಕಪ್ಪಿನಿಂದ ನನ್ನ ಮುಖದವರೆಗೆ ಗಾಳಿಯಲ್ಲಿ ಗೆರೆ ಹಿಡಿದೆ. ಕಾವಲಿನವನು ಓಡಿಬಂದು, ಚಿತ್ರ ಮುಟ್ಟಬೇಡಿ ಅಂದ. ಮುಟ್ಟಿಲ್ಲಪ್ಪ, ನಾನೇ ಅದು, ಅಂದೆ. ಅವನು ಒಮ್ಮೆ ಚಿತ್ರವನ್ನು, ಒಮ್ಮೆ ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡ.

ದಾರ ನನ್ನ ಕಣ್ಣಿಗೆ ಹೋಗಲಿಲ್ಲ, ಕೆನ್ನೆಗೂ ಹೋಗಲಿಲ್ಲ. ನೆಟ್ಟಗೆ ಹೋಗಿ ತುಟಿಯ ಮೇಲೆ ನಿಂತಿತು.

ಅಯ್ಯೋ ದೇವರೇ! ನನ್ನ ಮುಖ ಕೆಂಪಾಗಿರಬೇಕು, ಹುಡುಗಿ ಮುಗುಳ್ನಕ್ಕು ಬೇರೆ ಕಡೆ ನೋಡಿದಳು. ಈ ವಯಸ್ಸಿನಲ್ಲಿ, ಅದೂ ಊರಿಗೆಲ್ಲ ಕಾಣುವ ಹಾಗೆ! ಮೆಟ್ಟಿಲಿಳಿದು ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಅಂಗಡಿಯ ಕನ್ನಡಿಯಲ್ಲಿ ಒಂದು ಸಲ ಬಾಯಿಯನ್ನು ಆ ಕಡೆ ಈ ಕಡೆ ಮಾಡಿ ನೋಡಿಕೊಂಡೆ ಕೂಡ. ನೋಡುವಂಥದ್ದೇನೂ ಕಾಣಲಿಲ್ಲ. ಆದರೂ ಆ ದಿನ ಮಷಿನ್ನು ತುಳಿಯುತ್ತ ಅಕ್ಕನಿಗೆ ಏನೆಂದು ಹೇಳಲಿ ಎಂಬ ಯೋಚನೆ ಮೊದಲಿನಷ್ಟು ಸಲೀಸಾಗಿ ಸಾಗಲಿಲ್ಲ.

ಸಂಜೆ ಮನೆಗೆ ಬಂದಾಗ ನಮ್ಮವರು ಅಡುಗೆಮನೆಯ ಮೇಜಿನ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದರು. ನಾನು ಎದುರಿಗೆ ಕೂತು, ತುರ್ತಾಗಿ ಕೊಡಬೇಕಿದ್ದ ಪರದೆಯ ಅಂಚು ಮಡಚತೊಡಗಿದೆ. ಪಿನ್ನುಗಳನ್ನು ಎಂದಿನಂತೆ ತುಟಿಯಲ್ಲಿ ಕಚ್ಚಿಕೊಂಡಿದ್ದೆ. ಕಚ್ಚಿಕೊಂಡೇ, ಇವತ್ತು ಚಿತ್ರ ನೋಡಿ ಬಂದೆ, ಅಂದೆ.

“ಪಿನ್ನು ತೆಗೆದು ಮಾತಾಡು,” ಅಂದರು.

ಈ ಮಾತು ಹೊಸದಲ್ಲ. ಕೆಲವು ವರ್ಷಗಳಿಂದ ದಿನಾ ಇದೇ. ದಿನಾ ನನಗೆ ಇದಕ್ಕೇ ರೇಗುತ್ತಿತ್ತು. ನನ್ನ ಬಾಯಿ, ನನ್ನ ಪಿನ್ನು, ಹುಡುಗಿಯಾಗಿದ್ದಾಗಿನಿಂದ ಹೀಗೇ ಮಾಡಿಕೊಂಡು ಬಂದವಳಿಗೆ ಈಗ ಇವರ ಪಾಠ! ಮಾತಿಗೆ ಉತ್ತರ ಕೊಡಲು ಬಾಯಿಯಿಲ್ಲ, ಅಧಿಕಾರ ಚಲಾಯಿಸಲು ಇದೆ. ಚೆನ್ನಾಗಿ ನಾಲ್ಕು ಮಾತು ಅನ್ನೋಣವೆಂದೇ ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟೆ. ತಲೆ ಎತ್ತಿದೆ.

ಅವರು ನನ್ನನ್ನೇ ನೋಡುತ್ತಿದ್ದರು. ಕೈಯಲ್ಲಿ ಅರ್ಧ ಬಿಚ್ಚಿದ ಬಟಾಣಿ ಸಿಪ್ಪೆ. ಸ್ವಲ್ಪ ಮುಂದಕ್ಕೆ ಬಾಗಿದ್ದರು. ಮಧ್ಯಾಹ್ನ ದಾರ ಹಿಡಿದು ನೋಡಿದ ಗೆರೆಯೇ ಅದು. ಕಣ್ಣು ನನ್ನ ಕಣ್ಣಿನ ಮೇಲಿರಲಿಲ್ಲ. ಬಾಯಿಯ ಮೇಲಿತ್ತು, ಬಾಯಿ ತೆರೆಯಲೆಂದು ಕಾಯುತ್ತಿತ್ತು.

ಅನ್ನಬೇಕಿದ್ದ ನಾಲ್ಕು ಮಾತು ಮರೆತೇಹೋಯಿತು. ಮಧ್ಯಾಹ್ನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ನಾಚಿಕೆ ಎಲ್ಲಿ ಹೋಯಿತೋ. ಏನಾದರೂ ಹೇಳಬೇಕಿತ್ತಲ್ಲ, ಪರದೆ ತುಂಬಾ ಉದ್ದವಿದೆ, ಅಂದೆ. ದೊಡ್ಡ ಕಿಟಕಿಯಿರಬೇಕು, ಅಂದರು. ಸರಿಯಾದ ಉತ್ತರ. ಎದುರಿಗೆ ಕೂತು, ಬಾಯಲ್ಲಿ ಪಿನ್ನಿಲ್ಲದೆ ಮಾತಾಡಿದಾಗಲೆಲ್ಲ ಸರಿಯಾದ ಉತ್ತರವೇ ಬರುತ್ತಿತ್ತಲ್ಲವೇ ಎಂದು ಆಗ ಮೊದಲ ಸಲ ಹೊಳೆಯಿತು.

ಎದ್ದು ಹೋಗಿ, ಅವರಿಗೆ ಬೆನ್ನು ಮಾಡಿ, ನಲ್ಲಿಯ ಹತ್ತಿರ ನಿಂತೆ. ನಲ್ಲಿ ತಿರುಗಿಸಲಿಲ್ಲ. ಸ್ಪಷ್ಟವಾಗಿ, ಎಂದಿನ ದನಿಯಲ್ಲಿ ಹೇಳಿದೆ: “ನಾಳೆ ಅಕ್ಕನ ಊರಿಗೆ ಹೋಗ್ತಿದ್ದೀನಿ. ಮತ್ತೆ ವಾಪಸ್ ಬರಲ್ಲ.”

ಬಟ್ಟಲಿಗೆ ಬಟಾಣಿ ಬೀಳುವ ಶಬ್ದ ನಿಲ್ಲಲಿಲ್ಲ. ಒಂದು ಕಾಳು ನೆಲಕ್ಕೆ ಬಿತ್ತು. ಅವರು ಬಗ್ಗಿ ಅದನ್ನು ಎತ್ತಿಕೊಂಡು, ಅಂಗಿಗೆ ಒರೆಸಿ, ಬಟ್ಟಲಿಗೆ ಹಾಕಿದರು.

ಆಮೇಲೆ ನಾನು ಅವರ ಕಡೆ ತಿರುಗಿದೆ. ತಲೆ ಎತ್ತಿದರು. ದನಿ ಒಂದಿಷ್ಟೂ ಹೊರಡಿಸದೆ, ಬರೀ ತುಟಿಯಾಡಿಸಿ, ಚಹಾ ಮಾಡಲಾ ಎಂದು ಕೇಳಿದೆ.

“ಅರ್ಧ ಲೋಟ ಸಾಕು,” ಅಂದರು ನಮ್ಮವರು.

ಚಹಾದ ಪಾತ್ರೆಗೆ ಕೈಹಾಕದೆ ಅವರನ್ನೇ ನೋಡುತ್ತ ನಿಂತೆ. ಅವರಿಗೆ ಏನೋ ಎಡವಟ್ಟಾಯಿತೆಂದು ಗೊತ್ತಾಯಿತು, ಆದರೆ ಏನೆಂದು ಗೊತ್ತಾಗಲಿಲ್ಲ. ದನಿಯಿಲ್ಲದೆಯೇ ಮತ್ತೆ ಕೇಳಿದೆ, ಯಾವಾಗಿಂದ? ಅದಕ್ಕೆ ಅವರು ತಲೆ ತಗ್ಗಿಸಿಬಿಟ್ಟರು. ತಲೆ ತಗ್ಗಿಸಿದರೆ ಈ ಮನುಷ್ಯನಿಗೆ ಜಗತ್ತೇ ಬಾಯಿ ಮುಚ್ಚಿಕೊಂಡಂತೆ, ಬೇಡದ ಮಾತಿಗೆ ಬಾಗಿಲು ಹಾಕುವುದು ಅಷ್ಟು ಸುಲಭ! ನಾನು ಹತ್ತಿರ ಹೋಗಿ ಗಲ್ಲ ಹಿಡಿದು ಮೇಲೆತ್ತಿದೆ. ನನ್ನ ಮುಖ ನೋಡಿ, ಅಂದೆ.

ಒಂದೊಂದಾಗಿ ಹೊರಬಿತ್ತು. ಎರಡೂ ಕಿವಿ ಮಂದವಾಗುತ್ತ ಬಂದು ಮೂರು ವರ್ಷದ ಮೇಲಾಗಿತ್ತು. ಡಿಪೋದಲ್ಲಿ ಇಂಜಿನ್ನಿನ ಮೇಲೆ ಅಂಗೈ ಇಡುತ್ತಾರಂತೆ, ಕಬ್ಬಿಣದ ಸರಳಿನ ಒಂದು ತುದಿ ಇಂಜಿನ್ನಿಗೆ ಆನಿಸಿ ಇನ್ನೊಂದನ್ನು ಹಲ್ಲಿಗೆ ಕಚ್ಚಿಕೊಳ್ಳುತ್ತಾರಂತೆ. ನಡುಕದಲ್ಲೇ ಎಲ್ಲ ತಿಳಿಯುತ್ತದಂತೆ. ಹುಡುಗರು ಅದನ್ನು ಮೇಸ್ತ್ರಿಯ ಹೊಸ ವಿದ್ಯೆ ಎಂದುಕೊಂಡಿದ್ದಾರೆ. ಗೊತ್ತಾದರೆ ಎಲ್ಲಿ ತೆಗೆದುಕೊಂಡುಹೋಗಿ ಉಗ್ರಾಣದಲ್ಲಿ ಕೂರಿಸುತ್ತಾರೋ ಎಂದು ಯಾರಿಗೂ ಹೇಳಿಲ್ಲ. ನನಗಾದರೂ ಹೇಳಬಾರದಾಗಿತ್ತೇ ಎಂದು ಕೇಳಿದೆ. ನಿನಗೆ ಹೇಳಿದರೆ ಊರಿಗೆಲ್ಲ ಹೇಳಿದ ಹಾಗೇ ಅಂದರು. ಅದೇನೋ ನಿಜ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

“ಗಂಡಸರ ದಪ್ಪ ದನಿ ಇನ್ನೂ ಒಂಚೂರು ತಿಳಿಯುತ್ತೆ ಕಣೇ,” ಅಂದರು. “ನಿಂದು ಸಣ್ಣ ದನಿ. ಎಲ್ಲಕ್ಕಿಂತ ಮೊದಲು ಹೋಗಿದ್ದೇ ಅದು.”

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಮೂರು ವರ್ಷ ನಾನು ಕಿರುಚಿದ್ದೇನೆ, ಬೈದಿದ್ದೇನೆ, ಅತ್ತಿದ್ದೇನೆ, ಎಲ್ಲವನ್ನೂ ಅಡುಗೆಮನೆಯಿಂದ, ಬೆನ್ನು ತಿರುಗಿಸಿಕೊಂಡು. ಅದರಲ್ಲಿ ಒಂದಾದರೂ ಇವರಿಗೆ ಮುಟ್ಟಿಲ್ಲ. ಇವರಿಗೆ ನಾನು ಸಾಕಾಗಿದ್ದೇನೆ ಎಂದುಕೊಂಡು ನಾನು ಮಷಿನ್ನು ಕಟ್ಟಲು ತಯಾರಾಗಿದ್ದೆ. ಹೆಂಡತಿಯೇ ಮಾತು ಕಡಿಮೆ ಮಾಡಿಬಿಟ್ಟಿದ್ದಾಳೆ ಎಂದುಕೊಂಡು ಇವರು ಸುಮ್ಮನಿದ್ದರಂತೆ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಅವರು ಬಟಾಣಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. “ಹೊರಡೋದು ಯಾವಾಗ?” ಅಂದರು.

ಎಲ್ಲಿಗೆ ಅಂದೆ.

“ಅಕ್ಕನ ಊರಿಗೆ.”

ಆಗತಾನೇ ಬೆನ್ನು ತಿರುಗಿಸಿ ಹೇಳಿದ್ದು ಕೇಳಿಸಿತೇನೋ ಎಂದು ಒಂದು ಗಳಿಗೆ ಗಲಿಬಿಲಿಯಾಯಿತು. ಯಾರು ಹೇಳಿದರು ನಿಮಗೆ ಅಂದೆ.

“ನೀನೇ. ಆ ಹುಡುಗಿ ಮನೇಲಿ, ಕೊನೆ ಭಾನುವಾರ. ಅವಳು ನಿನ್ನ ಕಾಲರ್ ಎಳೀತಿದ್ದಳಲ್ಲ, ಆಗ.”

ದನಿ ಇಳಿಸಿ ಹೇಳಿದ್ದೆ ನಾನು. ಅಷ್ಟು ಹುಷಾರಾಗಿ, ಪಕ್ಕದಲ್ಲಿರುವವರಿಗೆ ಸುಳಿವು ಸಿಗದ ಹಾಗೆ ಇಳಿಸಿದ್ದೆ. ಈ ಮನುಷ್ಯನಿಗೆ ಪಿಸುಮಾತೂ ಒಂದೇ, ಕೂಗೂ ಒಂದೇ. ಒಳ್ಳೆಯ ಬೆಳಕಿನಲ್ಲಿ, ಮಾರುದ್ದ ದೂರದಲ್ಲಿ, ಕತ್ತು ಅಲ್ಲಾಡಿಸದೆ ನಾನು ತುಟಿಯಾಡಿಸಿದ್ದನ್ನೆಲ್ಲ ಅವರು ಒಂದಕ್ಷರ ಬಿಡದೆ ಓದಿಕೊಂಡಿದ್ದರು. ಜನರೆಲ್ಲ ಸಾಲುಗಟ್ಟಿ ನಿಂತು ಭಯವೋ ಪ್ರೀತಿಯೋ ಒಡೆತನವೋ ಎಂದು ಅರ್ಥ ಹಚ್ಚುತ್ತಿದ್ದ ಮುಖ ಅದು: ಹೆಂಡತಿ ತನ್ನನ್ನು ಬಿಟ್ಟು ಹೋಗುತ್ತಾಳೆಂದು ಆ ಕ್ಷಣದಲ್ಲಿ ತಿಳಿದ ಮುಖ.

“ತಿಳಿದೂ ಸುಮ್ಮನೆ ಕೂತಿದ್ರಾ?” ನನ್ನ ದನಿ ನಡುಗುತ್ತಿತ್ತು, ಅದು ಅವರಿಗೆ ಕಾಣಿಸಿತೋ ಇಲ್ಲವೋ. “ತಡೀಬೇಕು ಅನ್ನಿಸಲಿಲ್ವಾ ನಿಮಗೆ?”

“ಅನ್ನಿಸಿತು. ನಡುವೆ ಬಾಯಿ ಹಾಕಿದರೆ ನೀನು ಮಾತು ನಿಲ್ಲಿಸಿಬಿಡ್ತಿದ್ದೆ.” ಅವರು ತಮ್ಮ ಕೈಗಳನ್ನು ನೋಡಿಕೊಂಡರು, ಮತ್ತೆ ನನ್ನ ಬಾಯಿ ನೋಡಿದರು. “ಆ ಭಾನುವಾರಗಳಲ್ಲಿ ನೀನು ಒಂದೇ ಕಡೆ ಕೂತು, ಬೆಳಕಲ್ಲಿ, ಅಷ್ಟು ಹೊತ್ತು ಮಾತಾಡ್ತಿದ್ದೆಯಲ್ಲ. ಎಲ್ಲಾ ಸಿಗ್ತಿತ್ತು. ಅಷ್ಟು ಮಾತು ಸಿಕ್ಕಿ ಎಷ್ಟೋ ಕಾಲ ಆಗಿತ್ತು. ಕೊನೆಯದನ್ನ ಅರ್ಧಕ್ಕೆ ಬಿಡೋಕೆ ಮನಸ್ಸು ಬರಲಿಲ್ಲ.”

ನಾನು ಎಷ್ಟು ಬಾಯಿಬಡುಕಿಯೆಂದು ಊರಿಗೇ ಗೊತ್ತು. ಆ ಬಾಯಿಗೆ ಈಗ ಕೆಲಸವಿದೆ ಎಂದುಕೊಂಡು ಎದ್ದೆ.

ಫೋನು ತೆಗೆದು ಅಕ್ಕನಿಗೆ ಹಚ್ಚಿದೆ. ಸ್ಟೂಲನ್ನು ಎಳೆದು ನಮ್ಮವರ ಎದುರಿಗೆ ಹಾಕಿಕೊಂಡು ಕೂತೆ. ಅಕ್ಕ ಎತ್ತಿದಳು. ಫೋನು ಕಿವಿಯಲ್ಲಿತ್ತು, ಮುಖ ಮಾತ್ರ ಅವರ ಕಡೆ.

“ಅಕ್ಕಾ, ನಾನು ಬರೋದಿಲ್ಲ.”

ಯಾಕೆ, ಏನಾಯಿತು ಎಂದು ಅವಳು ಕೇಳಿದಳು. ಮಗುವಿಗೆ ಅಕ್ಷರ ಕಲಿಸುವ ಹಾಗೆ ಯಾಕೆ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದೀ, ಮೈಗೆ ಹುಷಾರಿಲ್ಲವೇ ಅಂದಳು. ಅವರೇನಾದರೂ ಹೆದರಿಸಿದರೇ ಎಂದೂ ಕೇಳಿದಳು. ಇಲ್ಲ, ಅವರು ಏನೂ ಅನ್ನಲಿಲ್ಲ ಅಂದೆ. ನಾನೇ ಅನ್ನುವುದು ಬಾಕಿಯಿದೆ, ಮೂರು ವರ್ಷದ್ದು, ಮೊದಲಿನಿಂದ ಶುರು ಮಾಡಬೇಕು ಅಂದೆ. ನಾಳೆಯೇ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಬರುವುದಿಲ್ಲ ಅಂದರೆ ಡಿಪೋದ ಗೇಟಿನಲ್ಲಿ ನಿಂತು ಕೂಗುತ್ತೇನೆ ಅಂದೆ. ಅಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ. ಯಾರ ಹತ್ತಿರ ಮಾತಾಡುತ್ತಿದ್ದೀಯೇ ನೀನು ಎಂದು ರೇಗಿ ಫೋನಿಟ್ಟಳು.

ನಾನು ಇಡಲಿಲ್ಲ. ಸತ್ತ ಫೋನನ್ನು ಕಿವಿಗೆ ಒತ್ತಿ ಹಿಡಿದು ಹೇಳುತ್ತಲೇ ಹೋದೆ. ಬೈದೆ, ಹಳೆಯದನ್ನೆಲ್ಲ ಕೆದಕಿದೆ, ನಡುನಡುವೆ ಅತ್ತೆ. ಒಂಟಿಯಾಗಿ ಅನ್ನಿಸಿದ್ದನ್ನೆಲ್ಲ ಹೇಳಿದೆ. ನಮ್ಮವರು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಹೊರಗೆ ಕತ್ತಲಾಗುತ್ತ ಬಂದು ಕಿಟಕಿಯ ಬೆಳಕು ಇಳಿಯಿತು. ಅವರು ಎದ್ದು ಹೋಗಿ ದೀಪ ಹಾಕಿದರು. ಬಂದು ಕೂತು, ನನ್ನ ಸ್ಟೂಲನ್ನು ಎರಡು ಕೈಯಲ್ಲಿ ಹಿಡಿದು ದೀಪದ ಕೆಳಕ್ಕೆ ಎಳೆದುಕೊಂಡರು.

“ಮೊದಲು ಒಂದು ಮಾತು ಅಂದೆಯಲ್ಲ, ಅಕ್ಕನಿಗೆ,” ಅಂದರು. “ಅದನ್ನ ಇನ್ನೊಂದು ಸಲ ಹೇಳು.”

ನಾನು ಫೋನು ಕೆಳಗಿಟ್ಟು ಹೇಳಿದೆ.